ಹುತ್ತ ಉಳಿಸಿದ ಮೂಲೆ: ಕಲಘಟಗಿ ರಸ್ತೆಯ ಒಂದು ಎಕರೆ, ಆಗುಂಬೆಯ 150 ಸಸಿ

ಮೊದಲಿಗೇ ಲೆಕ್ಕ ಹೇಳಿಬಿಡುತ್ತೇನೆ. 2022ರ ಜೂನ್‌ನಲ್ಲಿ ನಾವು ಐದು ಜನ ಸೇರಿ ಒಂದು ಎಕರೆಯಲ್ಲಿ 212 ಸಸಿ ನೆಟ್ಟೆವು. ಅದರಲ್ಲಿ 150 ಮಳೆಕಾಡಿನ ಗಿಡಗಳು. 2024ರ ಮೇ ಕೊನೆಗೆ ಆ 150ರಲ್ಲಿ ಉಳಿದಿದ್ದು 4. ಹೌದು, ನಾಲ್ಕು. ನಲವತ್ತು ಅಂತ ಓದಿಕೊಳ್ಳಬೇಡಿ.

"ಎಷ್ಟು ಗಿಡ ನೆಟ್ಟಿರಿ" ಅಂತ ಎಲ್ಲರೂ ಕೇಳುತ್ತಾರೆ. ಎರಡು ವರ್ಷ ಬಿಟ್ಟು "ಎಷ್ಟು ಉಳಿದವು" ಅಂತ ಕೇಳುವವರು ಕಡಿಮೆ. ನಮ್ಮ ಹತ್ತಿರ ಎರಡೂ ಲೆಕ್ಕ ಇವೆ, ಅದಕ್ಕೇ ಬರೆಯುತ್ತಿದ್ದೇನೆ. ಮುಂದಿನ ಮಿರಗ ಮಳೆಗೆ ಧಾರವಾಡದ ಸುತ್ತ ಯಾರಾದರೂ ಪಿಕಪ್ ಗಾಡಿಯಲ್ಲಿ ಮಲೆನಾಡಿನ ಸಸಿ ತುಂಬಿಕೊಂಡು ಬರುವ ಮುಂಚೆ ಇದನ್ನು ಓದಿದರೆ ಒಳ್ಳೆಯದು.

ಜಾಗ ಇರುವುದು ಧಾರವಾಡದಿಂದ ಕಲಘಟಗಿಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ. ನಮ್ಮಲ್ಲೊಬ್ಬನ ಅಜ್ಜನ ಹೊಲ. ಹದಿನೈದು ವರ್ಷ ಬಿತ್ತನೆ ಇರಲಿಲ್ಲ. ಮೇಲೆ ಕೆಂಪು ಮಣ್ಣು, ಎರಡು ಅಡಿ ಕೆಳಗೆ ಗರಸು. ಒಂದು ಹಳೇ ಮಾವಿನ ಮರ, ಒಂದೆರಡು ಜಾಲಿ, ಉಳಿದದ್ದೆಲ್ಲ ಲಾಂಟಾನಾ ಮತ್ತು ಕಾಂಗ್ರೆಸ್ ಕಸ. ಇಲ್ಲಿ ಬಿದ್ದ ಮಳೆ ಹಳ್ಳ ಸೇರಿ ಬೇಡ್ತಿಗೆ ಹೋಗುತ್ತದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ದಾರಿಯೂ ಅದೇ. ಬೇಡ್ತಿ ಮುಂದೆ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಸಮುದ್ರ ಸೇರುತ್ತದೆ. ಈ ಒಂದು ವಿಷಯವೇ ನಮ್ಮ ತಲೆ ಕೆಡಿಸಿದ್ದು. ನೀರು ಘಟ್ಟದ ಕಾಡಿಗೇ ಹೋಗುತ್ತದೆ ಅಂದಮೇಲೆ ನಾವೂ ಘಟ್ಟದವರೇ ತಾನೇ ಅಂತ ಒಬ್ಬ ಅಂದ. ಉಳಿದ ನಾಲ್ವರು ಹೌದು ಹೌದು ಅಂದೆವು.

ಆದರೆ ಹೊಳೆ ನೀರನ್ನು ಕೆಳಗೆ ಒಯ್ಯುತ್ತದೆ. ಮಳೆಯನ್ನು ಮೇಲೆ ತರುವುದಿಲ್ಲ. ಇದು ಹೊಳೆದದ್ದು ಎರಡು ವರ್ಷ ಆದಮೇಲೆ.

ಆಗುಂಬೆಯ ಒಂದು ವಾರ

ಹುಚ್ಚು ಹತ್ತಿದ್ದು 2019ರ ಜುಲೈನಲ್ಲಿ. ನಾನು ಮತ್ತು ಇನ್ನೊಬ್ಬ ಗೆಳೆಯ ಮಳೆಕಾಡು ನೋಡಬೇಕೆಂದು ಆಗುಂಬೆ ಕಡೆ ಒಂದು ವಾರ ಇದ್ದೆವು. ಹಾವುಗಳ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ದು ನಿಮಗೆ ಗೊತ್ತಿರಬಹುದು. 2008ರಿಂದ ಅಲ್ಲಿ ಕಾಳಿಂಗ ಸರ್ಪಗಳ ಮೈಯೊಳಗೆ ಸಣ್ಣ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು, ಆಂಟೆನಾ ಹಿಡಿದು ಹಿಂದೆ ಹಿಂದೆ ನಡೆದು, ಅವು ಎಲ್ಲಿ ಹೋಗುತ್ತವೆ, ಏನು ತಿನ್ನುತ್ತವೆ ಅಂತ ಬರೆದಿಟ್ಟರು. ದಿನಗಟ್ಟಲೆ, ತಿಂಗಳುಗಟ್ಟಲೆ. ಹಾವು ಬಿಲದಲ್ಲಿ ಸುಮ್ಮನೆ ಮಲಗಿದ್ದರೂ ಇವರು ಹೊರಗೆ ಜಿಗಣೆ ಕಿತ್ತುಕೊಳ್ಳುತ್ತ ಕೂತಿರಬೇಕು. ಟಿವಿಯಲ್ಲಿ ತೋರಿಸುವ ಹಾಗೆ ಹಾವಿನ ಬಾಲ ಹಿಡಿದು ಎತ್ತುವ ಕೆಲಸ ತುಂಬಾ ಕಡಿಮೆ. ಜಾಸ್ತಿ ಕೆಲಸ ನೋಟ್‌ಬುಕ್ಕಿನದು.

ಆ ಅಧ್ಯಯನದಿಂದ ಹೊರಬಂದ ಒಂದು ಮಾತು ನನ್ನ ತಲೆಯಲ್ಲಿ ಆಗಲೇ ಕೂತಿತ್ತು. ಮನೆ ಹತ್ತಿರ ಬಂದ ಕಾಳಿಂಗವನ್ನು ಹಿಡಿದು ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆ "ಒಳ್ಳೆ ಕಾಡಿಗೆ" ಬಿಟ್ಟು ಬಂದರೆ ಪುಣ್ಯ ಬಂತು ಅಂತ ಜನ ತಿಳಿದಿದ್ದರು. ದೂರ ಒಯ್ದು ಬಿಟ್ಟ ಹಾವನ್ನು ರೇಡಿಯೋ ಹಿಡಿದು ಹಿಂಬಾಲಿಸಿದಾಗ ಕಂಡದ್ದೇ ಬೇರೆ. ಅಲ್ಲಿಯದೇ ಆದ ಹಾವು ತನ್ನ ಜಾಗದಲ್ಲಿ ಸುತ್ತಾಡಿಕೊಂಡಿರುತ್ತದೆ. ತಂದು ಬಿಟ್ಟದ್ದು ನೆಲೆ ನಿಲ್ಲದೆ ಅಲೆಯುತ್ತದೆ. ಅದಕ್ಕೇ ಈಗ ತಿಳಿದವರು ಹಾವನ್ನು ಸಿಕ್ಕ ಜಾಗದ ಹತ್ತಿರದಲ್ಲೇ ಬಿಡುತ್ತಾರೆ. ಸಾಧ್ಯವಿದ್ದರೆ ಮುಟ್ಟುವುದೇ ಇಲ್ಲ, ತಾನೇ ಹೋಗುವ ತನಕ ಮನೆಯವರ ಜೊತೆ ಮಾತಾಡುತ್ತಾ ನಿಲ್ಲುತ್ತಾರೆ.

ಇದನ್ನು ನಾನು ಕೇಳಿಸಿಕೊಂಡೆ, ತಲೆದೂಗಿದೆ, ಬರೆದುಕೊಂಡೆ. ಮೂರು ವರ್ಷ ಬಿಟ್ಟು 150 ಸಸಿಗಳನ್ನು ಅವುಗಳ ಕಾಡಿನಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ಆಚೆ ತಂದು ಬಿಟ್ಟೆ. ಎರಡಕ್ಕೂ ಸಂಬಂಧ ಇದೆ ಅಂತ ಅನ್ನಿಸಲೇ ಇಲ್ಲ. ಹಾವಿಗೆ ಕಾಲಿಲ್ಲದಿದ್ದರೂ ಅಲೆಯಬಹುದು, ಗಿಡಕ್ಕೆ ಅದೂ ಇಲ್ಲ.

ಹಾವಿನ ಸುದ್ದಿ ಬಂತಲ್ಲ, ಒಂದು ಮಾತು ಸೇರಿಸುತ್ತೇನೆ. 2024ರಲ್ಲಿ ಕಾಳಿಂಗ ಸರ್ಪವನ್ನು ಒಂದೇ ಜಾತಿ ಅನ್ನುವ ಬದಲು ನಾಲ್ಕು ಜಾತಿ ಅಂತ ಬೇರೆ ಮಾಡಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ವಿಜ್ಞಾನದ ಹೆಸರಿನಲ್ಲೇ 'ಕಾಳಿಂಗ' ಸೇರಿತು. ಕನ್ನಡದವರು ಮೊದಲಿಂದ ಕರೆಯುತ್ತಿದ್ದ ಹೆಸರು ಪುಸ್ತಕಕ್ಕೆ ಹೋಗಲು ಇಷ್ಟು ವರ್ಷ ಹಿಡಿಯಿತು.

ಜೆಸಿಬಿ ಮತ್ತು ಹುತ್ತ

2021ರ ಕೊನೆಗೆ ಹೊಲದ ಸುತ್ತ ಮುಳ್ಳುತಂತಿ ಬೇಲಿ ಹಾಕಿಸಿದೆವು. ಆಮೇಲೆ ಪರಿಚಯದವರೊಬ್ಬರು ಸಲಹೆ ಕೊಟ್ಟರು: ಮೊದಲು ಎಲ್ಲ ಸ್ವಚ್ಛ ಮಾಡಿಸಿ, ಆಮೇಲೆ ನೆಡಿ. ಜೆಸಿಬಿ ತರಿಸಿದೆವು. ಐದು ತಾಸಿನ ಬಾಡಿಗೆ. ಲಾಂಟಾನಾ, ಮುಳ್ಳುಕಂಟಿ, ಹಳೇ ಬೊಡ್ಡೆ, ಬೇರು, ಎಲ್ಲ ಕಿತ್ತು ಒಂದು ಕಡೆ ಗುಡ್ಡೆ ಹಾಕಿದ. ನೆಲ ಗೋಡೆಗೆ ಬಳಿದ ಹಾಗೆ ಕೆಂಪಗೆ ಕಂಡಿತು. ನಾವು ಫೋಟೋ ತೆಗೆದುಕೊಂಡೆವು.

ಪಶ್ಚಿಮದ ಮೂಲೆಯಲ್ಲಿ ಸುಮಾರು ಐದು ಗುಂಟೆ ಮಾತ್ರ ಉಳಿಯಿತು. ಅಲ್ಲಿ ಒಂದಿಷ್ಟು ಕಲ್ಲುಗುಡ್ಡೆ, ಒಂದು ಜಾಲಿ ಮರ, ಅದರ ಬುಡದಲ್ಲಿ ಎದೆಯುದ್ದದ ಹುತ್ತ. ಡ್ರೈವರ್ ಮಶೀನ್ ಬಂದ್ ಮಾಡಿ ಕೆಳಗಿಳಿದ. "ನಾಗಪ್ಪನ ಹುತ್ತ ಐತ್ರಿ, ನಾ ಮುಟ್ಟಂಗಿಲ್ಲ." ನಾವು ಎರಡು ಮಾತು ಹೇಳಿ ನೋಡಿದೆವು. ಅವನು ಚಪ್ಪಲಿ ಬಿಟ್ಟು ಕೈ ಮುಗಿದು ಮತ್ತೆ ಹತ್ತಿ ಕೂತ. ನಮ್ಮಲ್ಲೊಬ್ಬನಿಗೆ ಸಿಟ್ಟು ಬಂತು. ಆ ಮೂಲೆ ನೋಡಲು ಅಸಹ್ಯ ಆಗುತ್ತದೆ ಅಂತ ಅವನ ತಕರಾರು. ಇರಲಿ ಬಿಡು, ಮುಂದಿನ ವರ್ಷ ನೋಡೋಣ ಅಂದೆವು.

ಈ ಡ್ರೈವರನನ್ನು ನೆನಪಿಟ್ಟುಕೊಳ್ಳಿ.

ಸಸಿ ತಂದದ್ದು ಮಲೆನಾಡಿನ ಒಂದು ಖಾಸಗಿ ನರ್ಸರಿಯಿಂದ. ಹೆಬ್ಬಲಸು 30, ಉಪ್ಪಾಗೆ 25, ಮುರುಗಲು 25, ವಾಟೆಹುಳಿ 25, ಧೂಪ 20, ರಾಮಪತ್ರೆ 15, ಬಲಗೆ 10. ಧಾರವಾಡದಲ್ಲಿ ಬದುಕುತ್ತವಾ ಅಂತ ಕೇಳಿದ್ದಕ್ಕೆ "ನೀರು ಕೊಟ್ಟರೆ ಎಲ್ಲಿ ಬೇಕಾದರೂ ಬದುಕುತ್ತವೆ" ಅಂದರು. ಮಾರುವವರು ಹಾಗೆ ಹೇಳುತ್ತಾರೆ, ಅವರ ಮೇಲೆ ಜಾಸ್ತಿ ಸಿಟ್ಟಿಲ್ಲ. ಕೇಳಿದ್ದು ನಾವು, ನಂಬಿದ್ದು ನಾವು. ಬೇಲಿ ಸಾಲಿಗೆ ಇರಲಿ ಅಂತ ಊರಿನ ಹತ್ತಿರ ಸಿಕ್ಕ ಹುಲಗಲ 22, ನೇರಳೆ 20, ಬೇವು 20 ತಂದೆವು. ಅವು ನಮ್ಮ ಲೆಕ್ಕದಲ್ಲಿ ಸುಮ್ನೆ ಅಂಚಿನವು, ಸೀರೆಗೆ ಬಾರ್ಡರ್ ಇದ್ದ ಹಾಗೆ.

ಒಂದು ಒಳ್ಳೆ ಕೆಲಸ ಮಾತ್ರ ಮಾಡಿದ್ದೆವು. ಆಗುಂಬೆಯಲ್ಲಿ ಪ್ರತಿಯೊಂದಕ್ಕೂ ನಂಬರ್ ಹಾಕಿ ಬರೆಯುವುದನ್ನು ನೋಡಿದ್ದೆವಲ್ಲ, ತಂಪು ಪಾನೀಯದ ಡಬ್ಬಿ ಕತ್ತರಿಸಿ, ಅದರ ತಗಡಿನ ಮೇಲೆ ಮೊಳೆಯಿಂದ ನಂಬರ್ ಗೀರಿ, 212 ಸಸಿಗೂ ಕಟ್ಟಿದೆವು. 200 ಪುಟದ ಒಂದು ನೋಟ್‌ಬುಕ್. ನಂಬರ್, ಜಾತಿ, ಎತ್ತರ, ದಿನ. ಈ ಬರಹ ಆಗಿದ್ದು ಆ ನೋಟ್‌ಬುಕ್ಕಿನಿಂದಲೇ.

ಎರಡು ವರ್ಷ

2022ರಲ್ಲಿ ಮಳೆ ಚೆನ್ನಾಗಿ ಆಯಿತು. ಡಿಸೆಂಬರಿನಲ್ಲಿ ಎಣಿಸಿದಾಗ 188 ಸಸಿ ಇದ್ದವು. 129 ಮಳೆಕಾಡಿನವು, 59 ಊರಿನವು. ನಾವು ಮಿರ್ಚಿ ಭಜಿ, ಚಹಾ ಹಿಡಿದು ಮಾವಿನ ನೆರಳಲ್ಲಿ ಕೂತು, ಮುಂದಿನ ವರ್ಷ ಮಂಗಟ್ಟೆ ಹಕ್ಕಿ ಬರುತ್ತದೆ ಅಂತ ಮಾತಾಡಿದೆವು.

ಆವತ್ತು ಪಕ್ಕದ ಹೊಲದ ಅಜ್ಜ ಬೇಲಿಯ ಆಚೆ ನಿಂತು ಒಂದು ಧೂಪದ ಸಸಿಯನ್ನು ಬಹಳ ಹೊತ್ತು ನೋಡಿದರು. ಎಲೆ ಮುಟ್ಟಿ ನೋಡಿದರು. "ಎಲಿ ಭಾಳ ದೊಡ್ಡದೈತಿ. ಬ್ಯಾಸಗ್ಯಾಗ ಇದು ಎಲಿ ಉದರಸ್ತದೇನ್ರಿ?" ಅಂತ ಕೇಳಿದರು. ಇಲ್ಲ, ಇದು ವರ್ಷವಿಡೀ ಹಸಿರು ಅಂತ ನಾನು ಹೆಮ್ಮೆಯಿಂದ ಹೇಳಿದೆ. "ಹಂಗಾದ್ರ ಬ್ಯಾಸಗ್ಯಾಗ ನೀರ ಎಲ್ಲಿಂದ ಕುಡಿತೈತಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಟ್ಯಾಂಕರ್ ಇದೆ ಅಂದೆ. ಅವರು ನಕ್ಕು ಹೋದರು.

ಇಡೀ ಪ್ರಕರಣದ ಉತ್ತರ ಆ ಎರಡು ಪ್ರಶ್ನೆಯಲ್ಲಿತ್ತು.

ಜನವರಿಯಿಂದ ಟ್ಯಾಂಕರ್ ಶುರುವಾಯಿತು. ವಾರಕ್ಕೊಂದು, ಆಮೇಲೆ ಎರಡು. ಫೆಬ್ರವರಿ ಹೊತ್ತಿಗೆ ಧೂಪದ ಎಲೆಗಳ ಅಂಚು ಕಂದಾಯಿತು, ಯಾರೋ ಕಡ್ಡಿ ಗೀರಿ ಹಿಡಿದ ಹಾಗೆ. ರಾಮಪತ್ರೆ ಇನ್ನೂ ಬೇಗ ಹೋಯಿತು. 131ನೇ ನಂಬರಿನ ರಾಮಪತ್ರೆ ನನಗೆ ನೆನಪಿದೆ. ಬುಡದ ಮಣ್ಣು ಒದ್ದೆ ಇತ್ತು, ಹಿಂದಿನ ದಿನವಷ್ಟೇ ನೀರು ಹಾಕಿದ್ದೆವು. ಎಲೆ ಮಾತ್ರ ಹಪ್ಪಳದ ಹಾಗೆ ಮುರಿಯುತ್ತಿತ್ತು. ಬೇರಿಗೆ ನೀರಿದ್ದೂ ಗಿಡ ಒಣಗಿತು. ಅದು ನನಗೆ ದೊಡ್ಡ ಗೊಂದಲ ಆಗಿ ಉಳಿಯಿತು.

ಮೇ ಕೊನೆಗೆ ಮಳೆಕಾಡಿನವು 41, ಊರಿನವು 57.

ಮಳೆ ಬಂದರೆ 41 ಉಳಿದಾವು ಅಂದುಕೊಂಡೆವು. 2023ರ ಜೂನ್ ಬಂತು, ಮಳೆ ಬರಲಿಲ್ಲ. ಜುಲೈನಲ್ಲಿ ಸ್ವಲ್ಪ ಬಂತು. ಆಗಸ್ಟ್ ಪೂರ್ತಿ ಒಣ. ಹೆಸರು, ಸೋಯಾ ಬಿತ್ತಿದವರೆಲ್ಲ ಕೈ ಸುಟ್ಟುಕೊಂಡರು. ಸೆಪ್ಟೆಂಬರಿನಲ್ಲಿ ಸರ್ಕಾರ 195 ತಾಲೂಕು ಬರಪೀಡಿತ ಅಂತ ಘೋಷಿಸಿತು, ಆಮೇಲೆ ಆ ಪಟ್ಟಿ ಇನ್ನೂ ಬೆಳೆಯಿತು. ಊರಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಓಡಾಡುವಾಗ ನಾವು ಧೂಪದ ಗಿಡಕ್ಕೆ ಟ್ಯಾಂಕರ್ ತರಿಸುವುದು ಸರಿ ಕಾಣಲಿಲ್ಲ. ನಿಲ್ಲಿಸಿದೆವು. ಅಕ್ಟೋಬರ್ ಎಣಿಕೆ: ಮಳೆಕಾಡಿನವು 9, ಊರಿನವು 49.

2024ರ ಮೇ: 4 ಮತ್ತು 46. ಉಳಿದ ನಾಲ್ಕರಲ್ಲಿ ಮೂರು ಮುರುಗಲು, ಒಂದು ಹೆಬ್ಬಲಸು. ನಾಲ್ಕೂ ಇದ್ದದ್ದು ಹಳೇ ಮಾವಿನ ಮರದ ನೆರಳಿನ ಕೆಳಗೆ.

ಏನು ತಪ್ಪಾಯಿತು

ಮಳೆ ಕಡಿಮೆ ಅನ್ನುವುದು ಮೊದಲ ಉತ್ತರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ. ಧಾರವಾಡದಲ್ಲಿ ಹೆಚ್ಚುಕಡಿಮೆ 800. ಗದಗಿಗೆ ಹೋದರೆ 600 ಚಿಲ್ಲರೆ. ಇದು ಶಾಲೆಯ ಮಕ್ಕಳಿಗೂ ಗೊತ್ತು. ನಮಗೂ ಗೊತ್ತಿತ್ತು. ನೀರು ಹಾಕಿದರೆ ಸರಿಹೋಗುತ್ತದೆ ಅನ್ನುವ ಧೈರ್ಯ ಬಂದದ್ದೂ ಅದಕ್ಕೇ. ಕಡಿಮೆ ಬಿದ್ದದ್ದನ್ನು ಟ್ಯಾಂಕರಿನಿಂದ ತುಂಬಿದರಾಯಿತು ಅಲ್ವಾ?

ಆಗುವುದಿಲ್ಲ. ಒಟ್ಟು ಮಳೆಗಿಂತ ಒಣ ತಿಂಗಳು ಎಷ್ಟು ಅನ್ನುವುದು ಮುಖ್ಯ. ನಮ್ಮಲ್ಲಿ ನವೆಂಬರಿನಿಂದ ಏಪ್ರಿಲ್ ತನಕ ಆಕಾಶ ಖಾಲಿ. ನಡುವೆ ಒಂದೆರಡು ಅಡ್ಡಮಳೆ ಬಂದರೆ ಅದೃಷ್ಟ. ಆಗುಂಬೆಯಲ್ಲೂ ಬೇಸಿಗೆ ಇದೆ, ಮಳೆ ಇಲ್ಲದ ತಿಂಗಳು ಇವೆ. ಆದರೆ ಅಲ್ಲಿ ಮೇಲೆ ದೊಡ್ಡ ಮರಗಳ ಚಪ್ಪರ, ಕೆಳಗೆ ಎಲೆಗಳ ಹಾಸು, ನಡುವೆ ತೇವದ ಗಾಳಿ. ಅಂಥ ಕಾಡಿನ ನೆಲಕ್ಕೆ ಬರುವ ಬೆಳಕು ಮೇಲಿನ ಬಿಸಿಲಿನ ನೂರಕ್ಕೆ ಒಂದೆರಡು ಪಾಲು ಮಾತ್ರ. ಧೂಪ, ರಾಮಪತ್ರೆ ಮರಿಯಾಗಿದ್ದಾಗ ಆ ಕತ್ತಲಲ್ಲೇ ನಿಧಾನಕ್ಕೆ ಬೆಳೆಯಬೇಕಾದವು. ರಾಮಪತ್ರೆಯ ಕೆಲವು ಬಳಗವಂತೂ ವರ್ಷಪೂರ್ತಿ ನೀರು ನಿಲ್ಲುವ ಜಡ್ಡಿಯಲ್ಲಿ ಬೆಳೆಯುತ್ತವೆ. ಸಿದ್ದಾಪುರ ಕಡೆಯ ಕತ್ತಲೆಕಾನಿಗೆ ಹೋದವರಿಗೆ ಗೊತ್ತು, ಆ ಹೆಸರೇ ಹೇಳುತ್ತದೆ. ನಾವು ಅಂಥ ಮರಿಗಳನ್ನು ಜೆಸಿಬಿ ಬಳಿದ ಬಟ್ಟಬಯಲಲ್ಲಿ ನಿಲ್ಲಿಸಿದೆವು. ಮಾರ್ಚಿನ ಒಣಗಾಳಿ ದೊಡ್ಡ ಎಲೆಯಿಂದ ನೀರು ಹೀರುವ ವೇಗಕ್ಕೆ ಎಳೆಬೇರು ನೀರು ಮೇಲೆ ಕಳಿಸಲಾರದು. 131ನೇ ನಂಬರಿನ ಗುಟ್ಟು ಇದೇ.

ನಮ್ಮ ಕಡೆಯ ಮರ ಇದಕ್ಕೆ ಬೇರೆಯೇ ಉಪಾಯ ಮಾಡಿಕೊಂಡಿದೆ. ಬೇಸಿಗೆಗೆ ಎಲೆ ಉದುರಿಸಿ ಕೂರುತ್ತದೆ. ಅಜ್ಜ ಕೇಳಿದ್ದು ಅದನ್ನೇ.

ಇನ್ನೊಂದು ತಪ್ಪು ನೋಟ್‌ಬುಕ್ಕಿನಲ್ಲಿ ಸಿಗಲಿಲ್ಲ, ಯಾಕಂದರೆ ಅದನ್ನು ನಾವು ಎಣಿಸಿಯೇ ಇರಲಿಲ್ಲ. 2023ರ ಅಕ್ಟೋಬರಿನಲ್ಲಿ ಸತ್ತ ಸಸಿಗಳ ತಗಡು ಬಿಚ್ಚುತ್ತಾ ಬೇಜಾರಾಗಿ ಹುತ್ತದ ಮೂಲೆಗೆ ಹೋಗಿ ಕೂತಿದ್ದೆ. ಕೂರಲು ಜಾಗ ಇರಲಿಲ್ಲ. ಎರಡು ವರ್ಷ ಬೇಲಿ ಇದ್ದು, ಆಡು ಬಾಯಿ ಹಾಕದೆ, ಕೊಡಲಿ ಬೀಳದೆ, ಆ ಐದು ಗುಂಟೆ ಪೊದೆಯಾಗಿ ಎದ್ದಿತ್ತು. ಮುತ್ತಲ, ದಿಂಡಿಗ, ಕವಳಿ, ಬಾರಿ, ಕಕ್ಕೆ, ಪತ್ರಿ. ನಾವು ನೆಟ್ಟದ್ದಲ್ಲ. ಹಳೇ ಬೊಡ್ಡೆಗಳು ಚಿಗುರಿದ್ದವು. ವರ್ಷಾನುಗಟ್ಟಲೆ ಕಡಿಸಿಕೊಂಡು, ಮೇಯಿಸಿಕೊಂಡು ಮೊಣಕಾಲುದ್ದದ ಕಂಟಿಯಾಗಿ ಕಂಡ ಗಿಡಗಳ ಕೆಳಗೆ ಮರದ ಬೇರೇ ಇತ್ತು. ಬರಗಾಲದ ಆ ವರ್ಷದಲ್ಲೂ ಎಲೆ ಹಸಿರಾಗಿದ್ದವು. ಮರುವಾರ ಹೋಗಿ ಎಣಿಸಿದೆವು. ಸೊಂಟದ ಎತ್ತರ ದಾಟಿದವು 71. ಜಾತಿ 13.

ಅಂದರೆ ಜೆಸಿಬಿಯವನು ಐದು ತಾಸಿನಲ್ಲಿ ಕಿತ್ತು ಗುಡ್ಡೆ ಹಾಕಿದ್ದು ಬರೀ ಕಸವಲ್ಲ. ಒಂದು ಕಾಡಿನ ಬೇರನ್ನು ಬಾಡಿಗೆ ಕೊಟ್ಟು ಕೀಳಿಸಿದ್ದೆವು. ಉಳಿದ 35 ಗುಂಟೆಯಲ್ಲಿ ಎಷ್ಟು ಬೊಡ್ಡೆ ಇದ್ದವೋ ಈಗ ಎಣಿಸಲು ಬರುವುದಿಲ್ಲ. ಮೂಲೆಯ ಲೆಕ್ಕ ಹಿಡಿದು ನೀವೇ ಗುಣಿಸಿ ನೋಡಿ. ನಾನು ಗುಣಿಸಿದ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಹಾಗಾದರೆ ಆಗುಂಬೆಯ ವಾರ ದಂಡವಾಯಿತಾ ಅಂತ ಗೆಳೆಯನ ಹೆಂಡತಿ ಕೇಳಿದರು. ಇಲ್ಲ. ತಪ್ಪು ವಸ್ತು ಹೊತ್ತು ತಂದಿದ್ದೆವು, ಅಷ್ಟೇ. ಮಳೆಕಾಡನ್ನು ಮತ್ತೆ ಬೆಳೆಸುವ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಅಂತ ಆಮೇಲೆ ಓದಿದೆ. ತಮಿಳುನಾಡಿನ ವಾಲ್ಪಾರೈನಲ್ಲಿ ಚಹಾ ತೋಟಗಳ ನಡುವೆ ಉಳಿದ ತುಂಡು ಕಾಡುಗಳಿವೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅನ್ನುವ ಸಂಸ್ಥೆಯ ದಿವ್ಯಾ ಮುದ್ದಪ್ಪ, ಶಂಕರ್ ರಾಮನ್ ಮತ್ತು ಅವರ ತಂಡ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅವುಗಳನ್ನು ಸರಿಪಡಿಸುತ್ತಿದೆ. ಅವರು ಬೀಜಕ್ಕಾಗಿ ಕಾಡಿನೊಳಗೆ ನುಗ್ಗುವುದಿಲ್ಲ. ರಸ್ತೆ ಬದಿ ಟಾರಿನ ಮೇಲೆ ಬಿದ್ದು ಹೇಗೂ ಹಾಳಾಗುವ ಬೀಜ ಆರಿಸುತ್ತಾರೆ. ಲಾಂಟಾನಾವನ್ನು ಕೈಯಿಂದ ತೆಗೆಯುತ್ತಾರೆ, ಅದರ ಅಡಿಯಲ್ಲಿ ತಾನಾಗಿ ಹುಟ್ಟಿದ ಕಾಡುಸಸಿಗೆ ಪೆಟ್ಟಾಗದ ಹಾಗೆ. ಪಕ್ಕದಲ್ಲಿ ಉಳಿದ ಒಳ್ಳೆ ಕಾಡು ಯಾವುದು, ಅದರಲ್ಲಿ ಏನೇನಿದೆ ಅಂತ ನೋಡಿ ಅದೇ ಜಾತಿ ನೆಡುತ್ತಾರೆ. ಎಲ್ಲಿ ತಾನೇ ಚಿಗುರುತ್ತದೋ ಅಲ್ಲಿ ನೆಡುವುದೇ ಇಲ್ಲ.

ಇದನ್ನು ಓದುವಾಗ ಕೆನ್ನೆಗೆ ಹೊಡೆದ ಹಾಗಾಯಿತು. ಅವರ ಪದ್ಧತಿ ಪ್ರಕಾರ ನಡೆದಿದ್ದರೆ ನಾವು ಮಲೆನಾಡಿನ ಕಡೆ ಮುಖ ಮಾಡುತ್ತಲೇ ಇರಲಿಲ್ಲ. ಹುತ್ತದ ಮೂಲೆಯ ಮುಂದೆ ಪೆನ್ನು ಹಿಡಿದು ಕೂರುತ್ತಿದ್ದೆವು.

ಕಪ್ಪತಗುಡ್ಡದ ದಾರಿ

2024ರ ಜನವರಿಯಲ್ಲಿ ನಾವು ಮೂವರು ಗದಗಿನ ಕಪ್ಪತಗುಡ್ಡಕ್ಕೆ ಹೋದೆವು. ಚಿಕ್ಕಂದಿನಿಂದ ಹೋಗಿದ್ದೇ, ಗಿಡಮೂಲಿಕೆ, ಗಾಳಿಯಂತ್ರ ಅಂತ ಕೇಳಿದ್ದೇ. ಗಣಿಗಾರಿಕೆ ಬೇಡ ಅಂತ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ನಡೆಸಿದ ಹೋರಾಟ, 2019ರಲ್ಲಿ ಅದು ವನ್ಯಜೀವಿ ಧಾಮ ಆದದ್ದು, ಎಲ್ಲ ಪೇಪರಿನಲ್ಲಿ ಓದಿದ್ದೇ. ಆದರೆ ಗಿಡ ನೋಡುವ ಕಣ್ಣಿಂದ ಹೋದದ್ದು ಅದೇ ಮೊದಲು. ಆ ತಿಂಗಳಲ್ಲಿ ಗುಡ್ಡ ಬೋಳು, ಕಂದು. ಬೇರೆ ಊರಿನಿಂದ ಬಂದವರು "ಇಲ್ಲಿ ಕಾಡೆಲ್ಲಿ" ಅಂತ ಕೇಳುತ್ತಾರೆ. ಜೂನ್ ಆದಮೇಲೆ ಅದೇ ಗುಡ್ಡ ಗಿಳಿಹಸಿರು. ಆ ಬೋಳನ್ನು ಕೆಟ್ಟ ಕಾಡು ಅಂದುಕೊಳ್ಳುವ ಅಭ್ಯಾಸ ನಮಗೂ ಇತ್ತು. ಹಸಿರು ಕಂಡರೆ ಮಾತ್ರ ಕಾಡು ಅನ್ನುವುದು ಆಗುಂಬೆ ನೋಡಿ ಬಂದವರ ರೋಗ.

ಹಾವೇರಿಯ ರಾಣೇಬೆನ್ನೂರಿನದು ಇನ್ನೊಂದು ಪಾಠ. 1974ರಲ್ಲಿ ಕೃಷ್ಣಮೃಗಕ್ಕಾಗಿ ಅಲ್ಲಿ ಅಭಯಾರಣ್ಯ ಆಯಿತು. ಅದಕ್ಕೆ ಬೇಕಾದದ್ದು ಬಯಲು ಹುಲ್ಲು. ದೂರದ ತನಕ ಕಾಣಬೇಕು, ಓಡಲು ಜಾಗ ಬೇಕು. ಆದರೆ ಆ ನೆಲದ ದೊಡ್ಡ ಭಾಗದಲ್ಲಿ ನೀಲಗಿರಿ ನೆಡುತೋಪು ಎದ್ದಿದೆ. ಮರ ನೆಟ್ಟದ್ದೆಲ್ಲ ಪುಣ್ಯ ಅನ್ನುವವರು ಒಮ್ಮೆ ಆ ಸಾಲುಗಳ ನಡುವೆ ನಡೆದು ಬರಬೇಕು.

ಎರಡನೇ ಸಲ

ಫೆಬ್ರವರಿಯಿಂದ ಮೇ ತನಕ ಬೀಜ ಆರಿಸಿದೆವು. ಕಲಘಟಗಿ ಸುತ್ತಿನ ರಸ್ತೆ ಬದಿ, ಗುಡಿಗಳ ಹಿಂದಿನ ಹಳೇ ಮರಗಳ ಕೆಳಗೆ, ಪರಿಚಯದವರ ಹೊಲದ ಬದುವಿನಲ್ಲಿ. ಅರಣ್ಯದೊಳಗೆ ಕಾಲಿಡಲಿಲ್ಲ, ಅದಕ್ಕೆ ಪರವಾನಗಿ ಬೇಕು, ಅಗತ್ಯವೂ ಬೀಳಲಿಲ್ಲ. ಮತ್ತಿಯ ಐದು ರೆಕ್ಕೆಯ ಕಾಯಿ, ಅಳಲೆ, ತಾರೆ, ನೆಲ್ಲಿ, ಕಕ್ಕೆ, ಮುತ್ತಲ, ಹೊನ್ನೆ.

ಇಲ್ಲಿ ಬೀಜದ ಬಗ್ಗೆ ಹೇಳಲೇಬೇಕು, ನನಗೆ ಬಹಳ ಖುಷಿ ಕೊಟ್ಟ ವಿಷಯ ಇದು. ಧೂಪದ ಬೀಜ ನೆಲಕ್ಕೆ ಬಿದ್ದ ಕೆಲವೇ ದಿನದಲ್ಲಿ ಮೊಳೆಯುತ್ತದೆ. ಒಣಗಿಸಿ ಡಬ್ಬಿಯಲ್ಲಿ ಇಟ್ಟರೆ ಸತ್ತೇ ಹೋಗುತ್ತದೆ. ಅದಕ್ಕೆ ಕಾಯುವ ಅಭ್ಯಾಸವಿಲ್ಲ, ಯಾಕಂದರೆ ಅದು ಬೀಳುವ ನೆಲ ಯಾವಾಗಲೂ ಒದ್ದೆ. ನಮ್ಮ ಕಕ್ಕೆ ಬೀಜ ಉಲ್ಟಾ. ಕಲ್ಲಿನ ಹಾಗೆ. ವರ್ಷಗಟ್ಟಲೆ ಸುಮ್ಮನಿರುತ್ತದೆ. ಕುದಿಸಿ ಇಳಿಸಿದ ನೀರಲ್ಲಿ ರಾತ್ರಿ ನೆನೆಹಾಕಿದೆವು. ಬೆಳಿಗ್ಗೆ ಉಬ್ಬಿದವನ್ನು ಬೇರೆ ತೆಗೆದು, ಉಬ್ಬದವಕ್ಕೆ ಮರಳುಕಾಗದದಿಂದ ಒಂದು ಮೂಲೆ ಉಜ್ಜಿದೆವು. ನಮ್ಮ ಮನೆಯ ಒಂಬತ್ತು ವರ್ಷದ ಹುಡುಗಿ ಕೂತು ಇನ್ನೂರು ಬೀಜ ಉಜ್ಜಿಕೊಟ್ಟಳು, ಬೀಜಕ್ಕೆ ನಾಲ್ಕಾಣೆ ಕೂಲಿ ಅಂತ ಮಾತಾಡಿಕೊಂಡು. ಐವತ್ತು ರೂಪಾಯಿ ಆಯಿತು. ಅವಳ ಲೆಕ್ಕ ನಮ್ಮದಕ್ಕಿಂತ ಚೊಕ್ಕ.

ಮಾವಿನ ನೆರಳಲ್ಲಿ 400 ಚೀಲ ತುಂಬಿದೆವು. ಮೊಳೆತದ್ದು 230. ಅಳಲೆ ಹೆಚ್ಚುಕಡಿಮೆ ಕೈಕೊಟ್ಟಿತು. ಹೊನ್ನೆಯನ್ನು ಇಲಿ ತಿಂದಿತು. ಚೀಲದಲ್ಲಿ ಚೆನ್ನಾಗಿ ಬಂದ 180ನ್ನು 2024ರ ಜುಲೈನಲ್ಲಿ, ಪುನರ್ವಸು ಮಳೆ ಹಿಡಿದಮೇಲೆ ನೆಟ್ಟೆವು. ಹುತ್ತದ ಮೂಲೆಯಲ್ಲಿ ಒಂದೂ ನೆಡಲಿಲ್ಲ. ಸಸಿಯ ಬುಡಕ್ಕೆ ಕಬ್ಬಿನ ರವದಿ, ಅಂದರೆ ಒಣಗಿದ ಸೋಗೆ, ಹೊದಿಸಿದೆವು. ತಗಡು, ನಂಬರ್, ನೋಟ್‌ಬುಕ್ ಎಲ್ಲ ಮೊದಲಿನ ಹಾಗೇ. ಸುತ್ತ ಕಾಂಗ್ರೆಸ್ ಕಸ ಕೀಳುವುದು ವರ್ಷಕ್ಕೆ ಮೂರು ಸಲ. ನೆಡುವ ದಿನ ಇಪ್ಪತ್ತು ಜನ ಬಂದಿದ್ದರು. ಕಸ ಕೀಳುವ ದಿನ ಮೂರು ಜನ, ಅದರಲ್ಲಿ ಒಬ್ಬನಿಗೆ ಸೊಂಟ ನೋವು.

2025ರ ಮಾರ್ಚಿನಲ್ಲಿ ಬೆಂಕಿ ಬಂತು. ಪಕ್ಕದಲ್ಲಿ ಯಾರೋ ಕಸ ಸುಟ್ಟದ್ದು ಗಾಳಿಗೆ ಬೇಲಿ ದಾಟಿತು. ಎಂಟು ಗುಂಟೆ ಕರಕಲು, ಹುತ್ತದ ಮೂಲೆಯ ಅರ್ಧವೂ ಸೇರಿ. ಫೋನ್ ಬಂದಾಗ ನಾನು ಹುಬ್ಬಳ್ಳಿಯಲ್ಲಿದ್ದೆ. ಬಂದು ನೋಡುವಷ್ಟರಲ್ಲಿ ಆರಿತ್ತು. ರವದಿ ಹೊದಿಸಿದ್ದೇ ಬೆಂಕಿಗೆ ದಾರಿ ಮಾಡಿಕೊಟ್ಟಿತ್ತು, ಅದು ನಮ್ಮ ಹೊಸ ತಪ್ಪು. ಈಗ ಜನವರಿಯಲ್ಲಿ ರವದಿ ಎಳೆದು ಹಾಕಿ ಮಣ್ಣು ಮುಚ್ಚುತ್ತೇವೆ, ಬೇಲಿಯ ಒಳಗೆ ಮೂರು ಮೀಟರ್ ಪಟ್ಟಿ ಕೆರೆದು ಖಾಲಿ ಇಡುತ್ತೇವೆ.

ಆ ವರ್ಷ ಮಳೆ ಮೇ ತಿಂಗಳಲ್ಲೇ ಬಂತು. ಮೇ ಕೊನೆಗೆ ಎಣಿಸಿದಾಗ 180ರಲ್ಲಿ 131 ಇದ್ದವು. ಸುಟ್ಟ ಮೂಲೆಯಲ್ಲಿ ಮುತ್ತಲ, ದಿಂಡಿಗ ಬುಡದಿಂದ ಮತ್ತೆ ಚಿಗುರಿದ್ದವು. ಮಾವಿನ ಕೆಳಗಿನ ಮೂರು ಮುರುಗಲು, ಒಂದು ಹೆಬ್ಬಲಸು ಈಗಲೂ ಇವೆ. ಕೀಳುವ ಮನಸ್ಸಾಗಲಿಲ್ಲ. ನೆಂಟರ ಹಾಗೆ ಇರಲಿ.

ಖರ್ಚಿನ ಲೆಕ್ಕ ಕೇಳುವವರಿಗೆ ಒಂದೇ ಮಾತು: ಮೊದಲ ಸಲ ಜಾಸ್ತಿ ಹೋದದ್ದು ಜೆಸಿಬಿ ಮತ್ತು ಟ್ಯಾಂಕರಿಗೆ. ಎರಡನೇ ಸಲ ಎರಡೂ ಇರಲಿಲ್ಲ.

ಜೂನ್‌ನಲ್ಲಿ ಕಸ ಕೀಳುವಾಗ ಸೊಂಟ ನೋವಿನ ಗೆಳೆಯ ಹುತ್ತದ ಹತ್ತಿರ ಕೂತು ಕೂಗಿದ. ಜಾಲಿಯ ಬುಡದಲ್ಲಿ, ಬೆಂಕಿ ತಾಗದ ಬದಿಗೆ, ಗೇಣುದ್ದದ ಒಂದು ಸಸಿ. ಎದುರು ಬದುರು ಎಲೆ, ತೆಳು, ತುಸು ಬಿಳಿಚಿದ ಹಸಿರು. ತಗಡಿಲ್ಲ, ನಂಬರಿಲ್ಲ. ಶ್ರೀಗಂಧ. ಪಿಕಳಾರವೋ ಕೋಗಿಲೆಯೋ ಎಲ್ಲೋ ಹಣ್ಣು ತಿಂದು ಜಾಲಿಯ ಮೇಲೆ ಕೂತು ಹಾಕಿದ ಬೀಜ ಇರಬೇಕು. ಗಂಧ ಬೇರೆ ಗಿಡದ ಬೇರಿನಿಂದ ಆಹಾರ ಹೀರಿ ಬೆಳೆಯುವಂಥದ್ದು. ಅದಕ್ಕೆ ಜಾಲಿಯಂಥ ಆಸರೆ ಸಿಕ್ಕಿದೆ.

ಪಕ್ಕದ ಅಜ್ಜನನ್ನು ಕರೆದು ತೋರಿಸಿದೆವು. ಕೂತು ನೋಡಿದರು, ಈ ಸಲ ಎಲೆ ಮುಟ್ಟಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ ನನ್ನನ್ನು ನೋಡಿ ದನಿ ತಗ್ಗಿಸಿದರು.

"ಬರಕೋರಿ. ಆದ್ರ ಗಂಧ ಅಂತ ಬರೀಬ್ಯಾಡ್ರಿ."

ನೋಟ್‌ಬುಕ್ಕಿನಲ್ಲಿ ಅದು 393. ಜಾತಿ ಅನ್ನುವ ಕಡೆ ಖಾಲಿ ಇದೆ.